ರಂಗೋಲಿ ಅಳಿಸದ ಕಾರು

ನಾಲ್ಕು ವರ್ಷದ ಹಿಂದಿನ ಮಾತು. ಏಪ್ರಿಲ್ ತಿಂಗಳು, ಮೈಸೂರಿನಲ್ಲಿ ಮಳೆಯ ಸುಳಿವೂ ಇರಲಿಲ್ಲ. ಆದರೆ ನಮ್ಮ ಕಾರಿನೊಳಗೆ ನೀರು. ಎಡಗಡೆ ಮುಂದಿನ ಸೀಟಿನವರು ಕಾಲಿಡುವ ಜಾಗದಲ್ಲಿ, ಮ್ಯಾಟಿನ ಕೆಳಗೆ, ಒತ್ತಿದರೆ ಪಚಪಚ ಅನ್ನುತ್ತಿತ್ತು. ಒಣಗದ ಬಟ್ಟೆಯ ವಾಸನೆ ಬೇರೆ. ಸರ್ವೀಸ್ ಸೆಂಟರಿಗೆ ಬಿಟ್ಟೆ. ಸಂಜೆ ಫೋನ್ ಬಂತು. ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕು, ಒಳಗೆ ಎ.ಸಿ.ಯ ಕೂಲಿಂಗ್ ಕಾಯಿಲ್ ನೋಡಬೇಕು, ಎಸ್ಟಿಮೇಟ್ 9,800 ರೂಪಾಯಿ. "ಬಿಚ್ಚಿದ ಮೇಲೆ ಸ್ವಲ್ಪ ಜಾಸ್ತೀನೂ ಆಗಬಹುದು ಮೇಡಂ." ಯೋಚನೆ ಮಾಡಿ ಹೇಳ್ತೀನಿ ಅಂತ ಕಾರು ವಾಪಸ್ ತಂದೆ.

ಮಾರನೆಯ ಬೆಳಿಗ್ಗೆ ಗೇಟಿನ ಮುಂದೆ ರಂಗೋಲಿ ಹಾಕುತ್ತಿದ್ದ ಅತ್ತೆ, ತಲೆ ಎತ್ತದೆಯೇ ಒಂದು ಮಾತು ಹೇಳಿದರು. "ಪರವಾಗಿಲ್ಲ ಕಣೇ, ಈ ಬೇಸಿಗೇಲಿ ನಿನ್ನ ಕಾರು ನನ್ನ ರಂಗೋಲಿ ಕೆಡಿಸ್ತಿಲ್ಲ."

ಇದರ ಹಿಂದೆ ಒಂದು ಹಳೆಯ ಜಗಳವಿದೆ. ಪ್ರತಿ ಬೇಸಿಗೆಯಲ್ಲೂ ನಾನು ಎ.ಸಿ. ಹಾಕಿಕೊಂಡು ಬಂದು ಕಾರು ನಿಲ್ಲಿಸುತ್ತಿದ್ದೆ. ಕೆಳಗೆ ತೊಟ್ಟಿಕ್ಕಿದ ನೀರು ಪೋರ್ಟಿಕೋದ ಇಳಿಜಾರಿನಲ್ಲಿ ಹರಿದು ಗೇಟು ದಾಟಿ ಅವರ ರಂಗೋಲಿಯನ್ನು ಅಳಿಸುತ್ತಿತ್ತು. ಕಾರು ಒಂದಡಿ ಹಿಂದೆ ನಿಲ್ಲಿಸು, ಮುಂದೆ ನಿಲ್ಲಿಸು ಅಂತ ದಿನಾ ಮಾತು. ಆ ವರ್ಷ ಆ ನೀರೇ ಬರುತ್ತಿರಲಿಲ್ಲ. ಹಾಗಾದರೆ ಎಲ್ಲಿ ಹೋಯಿತು? ಕಾಫಿ ಲೋಟ ಕೆಳಗಿಟ್ಟು ಕಾರಿನ ಬಾಗಿಲು ತೆಗೆದೆ. ಎಲ್ಲಿ ಹೋಗಿತ್ತು ಅಂತ ಕಾಲಿಗೇ ತಿಳಿಯಿತು.

ಎ.ಸಿ.ಯ ವಿಷಯ ಸರಳ. ತಣ್ಣೀರು ತುಂಬಿದ ಸ್ಟೀಲ್ ಲೋಟದ ಹೊರಗೆ ಬೆವರು ಕಟ್ಟುತ್ತದಲ್ಲ, ಹಾಗೇ ಡ್ಯಾಶ್‌ಬೋರ್ಡಿನ ಹಿಂದಿರುವ ತಣ್ಣನೆಯ ಕಾಯಿಲ್ ಮೇಲೂ ಗಾಳಿಯ ತೇವ ನೀರಾಗುತ್ತದೆ. ಆ ನೀರು ಒಂದು ತಟ್ಟೆಗೆ ಬಿದ್ದು, ಅಲ್ಲಿಂದ ಸಣ್ಣ ರಬ್ಬರ್ ಪೈಪಿನಲ್ಲಿ ಕಾರಿನ ಕೆಳಗೆ ಹೋಗುತ್ತದೆ. ಪೈಪು ಕಟ್ಟಿಕೊಂಡರೆ ತಟ್ಟೆ ತುಂಬಿ ಒಳಗೇ ಚೆಲ್ಲುತ್ತದೆ. ಇಷ್ಟನ್ನು ಮೊಬೈಲಿನಲ್ಲಿ ಹುಡುಕಿ ಓದಿಕೊಂಡೆ. ಆಮೇಲೆ ಬಾನೆಟ್ ಎತ್ತಿ, ಟಾರ್ಚ್ ಹಿಡಿದು, ಎಂಜಿನ್ನಿನ ಹಿಂದೆ ಕೆಳಗೆಲ್ಲೋ ಇದ್ದ ಆ ಪೈಪನ್ನು ಹುಡುಕಲು ಮುಕ್ಕಾಲು ಗಂಟೆ ಹಿಡಿಯಿತು. ಕಿಟಕಿ ಪರದೆಗೆ ಕಟ್ಟುವ ಸ್ಪ್ರಿಂಗ್ ಇರುತ್ತದಲ್ಲ, ಅದರ ಒಂದು ತುಂಡನ್ನು ಮೆಲ್ಲಗೆ ತೂರಿಸಿ ತಿರುಗಿಸಿದೆ. ಮೊದಲು ಕಪ್ಪು ಕೆಸರು ಬಂತು. ಹಿಂದೆಯೇ ಒಂದು ಚೊಂಬು ನೀರು, ನೇರ ನನ್ನ ತೋಳಿನೊಳಗೆ.

ಖರ್ಚು ಸೊನ್ನೆ. ಅತ್ತೆಯ ರಂಗೋಲಿ ಅವತ್ತು ಸಂಜೆಯೇ ಅಳಿಸಿತು.

ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಲೆಕ್ಕ ಬರೆಯದೆ ನಿದ್ದೆ ಬರುವುದಿಲ್ಲ. ಹಾಲಿನವನ ಲೆಕ್ಕದ ಪುಸ್ತಕದ ಹಿಂದಿನಿಂದ ಒಂದು ಹಾಳೆ ತೆಗೆದು ನಡುವೆ ಗೆರೆ ಎಳೆದೆ. ಒಂದು ಕಡೆ "ಉಳಿದದ್ದು", ಇನ್ನೊಂದು ಕಡೆ "ಹೋದದ್ದು". ಮೊದಲ ಸಾಲು: ಉಳಿದದ್ದು 9,800. ತಲೆ ತಿರುಗಿದ್ದು ಅಲ್ಲೇ. ಒಂದು ಪರದೆ ಸ್ಪ್ರಿಂಗಿನಲ್ಲಿ ಇಷ್ಟು ಉಳಿದರೆ ಪೂರ್ತಿ ಕಾರನ್ನೇ ನಾನು ನೋಡಿಕೊಂಡರೆ ಎಷ್ಟು ಉಳಿಯಬಹುದು ಅಂತ.

ಕಾರು ದೊಡ್ಡದೇನಲ್ಲ. 2013ರ ಸಣ್ಣ ಪೆಟ್ರೋಲ್ ಕಾರು, ಮೂರು ಸಿಲಿಂಡರ್. ವಾರಂಟಿ ಮುಗಿದು ಎಷ್ಟೋ ಕಾಲವಾಗಿದೆ, ಹಾಗಾಗಿ ನಾನು ಕೈ ಹಾಕಿದರೆ ಕೇಳುವವರಿಲ್ಲ. ಮಾರಿಬಿಡೋಣ ಅಂತ ನನ್ನ ಗಂಡ ಆಗಾಗ ಹೇಳುತ್ತಾರೆ. 2028ಕ್ಕೆ ಹದಿನೈದು ವರ್ಷ ತುಂಬುತ್ತದೆ, ಆಗ ಮತ್ತೆ ನೋಂದಣಿ ಮಾಡಿಸಬೇಕು. 600 ರೂಪಾಯಿ ಇದ್ದ ಆ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಗಿದೆ. ಅಲ್ಲಿಯವರೆಗಾದರೂ ಓಡಲಿ ಅನ್ನುವುದು ನನ್ನ ಹಟ.

ಮೊದಮೊದಲು ಮಾಡಿದ್ದೆಲ್ಲ ಸಣ್ಣ ಕೆಲಸ. ಏರ್ ಫಿಲ್ಟರ್ ಬದಲಿಸುವುದು ಟಿಫಿನ್ ಕ್ಯಾರಿಯರ್ ತೆಗೆದು ಹಾಕಿದಷ್ಟೇ ಸುಲಭ. ನಾಲ್ಕು ಕ್ಲಿಪ್ಪು ಎತ್ತಿ, ಹಳೆಯದು ತೆಗೆದು, ಹೊಸದು ಇಟ್ಟು, ಮುಚ್ಚಿದರೆ ಮುಗಿಯಿತು. ವೈಪರ್ ರಬ್ಬರೂ ಹಾಗೇ. ಹೆಡ್‌ಲೈಟಿನ ಬಲ್ಬು ಹಾಕುವಾಗ ಒಂದು ಎಚ್ಚರ ಬೇಕು. ಹ್ಯಾಲೊಜೆನ್ ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬಾರದು. ಕೈಯ ಜಿಡ್ಡು ಕೂತ ಕಡೆ ಗಾಜು ಹೆಚ್ಚು ಕಾದು ಬಲ್ಬು ಬೇಗ ಹೋಗುತ್ತದೆ. ಇದು ನನಗೆ ಎರಡನೆಯ ಬಲ್ಬು ಕೊಂಡಾಗ ಗೊತ್ತಾಯಿತು.

ಎ.ಸಿ.ಯ ಗಾಳಿ ಸೋಸುವ ಫಿಲ್ಟರ್ ಇರುವುದು ಗ್ಲವ್ ಬಾಕ್ಸಿನ ಹಿಂದೆ. ಅದನ್ನು ಎಳೆದರೆ ನಮ್ಮ ಬೀದಿಯ ಹೊಂಗೆ ಮರವೇ ಅರ್ಧ ಒಳಗಿತ್ತು. ಒಣಗಿದ ಹೂವು, ಎಲೆ ಚೂರು, ಧೂಳು. ಎಳೆಯುವ ರಭಸಕ್ಕೆ ಗ್ಲವ್ ಬಾಕ್ಸಿನ ಒಂದು ಕಿವಿ ಮುರಿಯಿತು. ಪ್ಲಾಸ್ಟಿಕ್ಕಿಗೂ ವಯಸ್ಸಾಗುತ್ತದೆ ಅಂತ ಯಾರು ನೆನೆಸಿಕೊಂಡಿರುತ್ತಾರೆ? ಬೇರೆ ಬಾಕ್ಸು ಹಾಕಿಸಿದ್ದಕ್ಕೆ 640 ರೂಪಾಯಿ. ಹಾಳೆಯ ಇನ್ನೊಂದು ಕಡೆ ಮೊದಲ ಸಾಲು ಬಂತು.

ಆ ಕಡೆ ಆಮೇಲೆ ಸರಸರ ಬೆಳೆಯಿತು. ಕೆಲಸಕ್ಕೆ ಹತ್ಯಾರು ಬೇಕಲ್ಲ. ಮನೆಯಲ್ಲಿದ್ದದ್ದು ಒಂದು ಕಟಿಂಗ್ ಪ್ಲೇಯರ್, ಬಾಯಿ ಸವೆದ ಸ್ಕ್ರೂಡ್ರೈವರ್. ಸಾಕೆಟ್ ಸೆಟ್ 2,600. ಕಾರು ಎತ್ತಿ ನಿಲ್ಲಿಸುವ ಕಬ್ಬಿಣದ ಸ್ಟ್ಯಾಂಡು ಎರಡು, 1,900. ಕಾರಿನ ಜೊತೆ ಬರುವ ಜಾಕ್ ಇರುವುದು ಸ್ಟೆಪ್ನಿ ಬದಲಿಸಲಿಕ್ಕೆ ಮಾತ್ರ. ಬರೀ ಅದರ ಮೇಲೆ ಕಾರು ನಿಲ್ಲಿಸಿ ಕೆಳಗೆ ನುಗ್ಗುವುದು ಜೀವದ ಜೊತೆ ಆಟ. ಅದು ಜಾರಿದರೆ ಎದ್ದು ಬರಲು ಸಮಯವೇ ಇರುವುದಿಲ್ಲ. ವೋಲ್ಟ್ ಅಳೆಯುವ ಮಲ್ಟಿಮೀಟರ್ 450. ಟಾರ್ಚು, ಟ್ರೇ, ಕೈಗವಸು, ಬನಿಯನ್ ವೇಸ್ಟು ಅದೂ ಇದೂ ಸೇರಿ 700.

ಆ ಮಲ್ಟಿಮೀಟರ್ ಮಾತ್ರ ತನ್ನ ದುಡ್ಡನ್ನು ತಾನೇ ದುಡಿಯಿತು ಅಂದುಕೊಂಡಿದ್ದೆ. ಒಂದು ಚಳಿಗಾಲದ ಬೆಳಿಗ್ಗೆ ಕಾರು ಸ್ಟಾರ್ಟ್ ಆಗಲಿಲ್ಲ. ಕಟ್ ಕಟ್ ಅಂದು ಸುಮ್ಮನಾಯಿತು. "ಬ್ಯಾಟರಿ ಹೋಗಿದೆ ಮೇಡಂ, ಹೊಸದು 4,600" ಅಂತ ನೋಡಿದವರೆಲ್ಲ ಹೇಳಿದರು. ಅಳೆದು ನೋಡಿದರೆ ಬ್ಯಾಟರಿಯಲ್ಲಿ 12.5 ವೋಲ್ಟ್ ಇತ್ತು. ತುಂಬಿದ ಬ್ಯಾಟರಿಯಲ್ಲಿ 12.6ರ ಆಸುಪಾಸು ಇರಬೇಕು, ಅಂದರೆ ಚೆನ್ನಾಗೇ ಇದೆ. ನನ್ನ ಗಂಡನನ್ನು ಕೂರಿಸಿ ಕೀ ತಿರುಗಿಸಿ ಅಂದೆ. ಬ್ಯಾಟರಿಯ ಕಂಬದ ಮೇಲೆ ಮೀಟರಿನ ಮುಳ್ಳು ಮುಟ್ಟಿಸಿದರೆ 11ರ ಹತ್ತಿರ ಇತ್ತು. ಕಂಬಕ್ಕೆ ಬಿಗಿದ ಕ್ಲಾಂಪಿನ ಮೇಲೆ ಮುಟ್ಟಿಸಿದರೆ 8ಕ್ಕೆ ಬಿತ್ತು. ಎರಡಕ್ಕೂ ನಡುವೆ ಇದ್ದದ್ದು ಬಿಳಿ-ಹಸಿರು ಬೂಷ್ಟು, ಕರೆಂಟು ಅಲ್ಲೇ ಸತ್ತು ಹೋಗುತ್ತಿತ್ತು.

ಬಿಸಿನೀರು, ಅಡುಗೆ ಸೋಡಾ, ಹಳೇ ಹಲ್ಲುಜ್ಜುವ ಬ್ರಷ್ಷು. ಮೊದಲು ಮೈನಸ್ ಕಡೆಯದನ್ನೇ ಬಿಚ್ಚಬೇಕು, ಕೊನೆಗೆ ಹಾಕುವುದೂ ಮೈನಸ್ಸೇ. ಯಾಕೆಂದರೆ ಕಾರಿನ ಮೈಯೆಲ್ಲ ಮೈನಸ್. ಅದನ್ನು ಬಿಚ್ಚದೆ ಪ್ಲಸ್ಸಿಗೆ ಪಾನಾ ಹಾಕಿದಾಗ ಪಾನಾದ ಇನ್ನೊಂದು ತುದಿ ತಗಡಿಗೆ ತಾಗಿದರೆ ಬೆಂಕಿ ಹಾರುತ್ತದೆ. ಉಜ್ಜಿ, ಒರೆಸಿ, ಬಿಗಿದು, ಮೇಲೆ ವ್ಯಾಸಲೀನ್ ಸವರಿದೆ. ಮೊದಲ ತಿರುವಿಗೇ ಎಂಜಿನ್ ಎದ್ದಿತು. ಸೋಡಾ ಡಬ್ಬಿ ಖಾಲಿಯಾದದ್ದು ಅತ್ತೆಗೆ ಗೊತ್ತಾದದ್ದು ಸಂಜೆ, ಬೋಂಡಾ ಹಿಟ್ಟು ಕಲಸಿದ ಮೇಲೆ.

ಇದನ್ನು ಹಾಳೆಯಲ್ಲಿ ಹೇಗೆ ಬರೆಯುವುದು? ನನ್ನ ಗಂಡ "4,600 ಉಳಿಯಿತು ಅಂತ ಬರಿ" ಅಂದರು. ಅದು ಹೇಗಾಗುತ್ತದೆ? ಹದಿನಾಲ್ಕು ತಿಂಗಳಾದ ಮೇಲೆ ಬ್ಯಾಟರಿ ನಿಜವಾಗಿಯೂ ಸತ್ತಿತು, ಕೊಂಡೇ ಕೊಂಡೆವು. ಖರ್ಚು ಉಳಿಯಲಿಲ್ಲ, ಮುಂದಕ್ಕೆ ಹೋಯಿತು ಅಷ್ಟೇ. ಹಾಗಾಗಿ 4,600ಕ್ಕೆ ಹದಿನಾಲ್ಕು ತಿಂಗಳ ಎಫ್‌ಡಿ ಬಡ್ಡಿ, ಶೇಕಡಾ 7ರಂತೆ, 375 ರೂಪಾಯಿ ಅಂತ ಬರೆದೆ. ಅವರು ಅವತ್ತಿನಿಂದ ನನ್ನ ಹಾಳೆಯ ವಿಷಯಕ್ಕೆ ಬರುವುದನ್ನು ಕಡಿಮೆ ಮಾಡಿದ್ದಾರೆ.

ಇನ್ನು ಆಯಿಲ್ ಕಥೆ. ಇದನ್ನು ಬರೆಯದೆ ಬಿಡಬಹುದಿತ್ತು. ಆದರೆ ಲೆಕ್ಕ ಅಂದಮೇಲೆ ಲೆಕ್ಕ.

ಎಂಜಿನ್ ಆಯಿಲ್ ಬದಲಿಸುವುದು ದೊಡ್ಡ ವಿದ್ಯೆಯೇನಲ್ಲ. ಕಾರು ಸ್ವಲ್ಪ ಬಿಸಿ ಇರುವಾಗ ಕೆಳಗಿನ ಬೋಲ್ಟ್ ಬಿಚ್ಚಿ ಹಳೆಯದನ್ನು ಇಳಿಸಬೇಕು, ಫಿಲ್ಟರ್ ತಿರುಗಿಸಿ ತೆಗೆಯಬೇಕು, ಹೊಸ ಫಿಲ್ಟರಿನ ರಬ್ಬರ್ ರಿಂಗಿಗೆ ಒಂಚೂರು ಎಣ್ಣೆ ಸವರಿ ಕೈಯಲ್ಲೇ ಬಿಗಿಯಬೇಕು, ಬೋಲ್ಟ್ ಹಾಕಿ ಮೇಲಿನಿಂದ ಹೊಸ ಆಯಿಲ್ ಸುರಿಯಬೇಕು. ಎಲ್ಲವನ್ನೂ ಮಾಡಿದೆ. ಒಂದನ್ನು ಮಾತ್ರ ನೋಡಲಿಲ್ಲ. ಹಳೆಯ ಫಿಲ್ಟರಿನ ರಬ್ಬರ್ ರಿಂಗು ಫಿಲ್ಟರ್ ಜೊತೆ ಬರದೆ ಎಂಜಿನ್ನಿಗೇ ಅಂಟಿಕೊಂಡು ಕೂತಿತ್ತು. ಅದರ ಮೇಲೆ ಹೊಸ ರಿಂಗು. ಒಂದರ ಮೇಲೊಂದು ಎರಡು ರಿಂಗು ಕೂತರೆ ಬಿಗಿ ಬಂದಂತೆ ಕಾಣುತ್ತದೆ, ಬಂದಿರುವುದಿಲ್ಲ. ಎಂಜಿನ್ ಶುರುವಾಗಿ ಒತ್ತಡ ಏರಿದ ಕೂಡಲೇ ರಿಂಗು ಜಾರಿತು. ಚಿನ್ನದ ಬಣ್ಣದ ಹೊಚ್ಚ ಹೊಸ ಆಯಿಲ್ ಪೋರ್ಟಿಕೋ ತುಂಬ ಹರಿಯಿತು. ನಾನು ಸ್ಟೀರಿಂಗ್ ಮುಂದೆ ಖುಷಿಯಾಗಿ ಕೂತಿದ್ದೆ. "ಏಯ್, ಆರಿಸೇ, ಆರಿಸು!" ಅಂತ ಅತ್ತೆ ಕೂಗಿದ್ದಕ್ಕೆ ಕೀ ತಿರುಗಿಸಿದೆ. ಇನ್ನೂ ಒಂದೆರಡು ನಿಮಿಷ ಓಡಿದ್ದರೆ ಎಂಜಿನ್ನೇ ಕಚ್ಚಿಕೊಳ್ಳುತ್ತಿತ್ತು. ಹೊಸ ಆಯಿಲ್, ಹೊಸ ಫಿಲ್ಟರ್, ಮರದ ಮಿಲ್ಲಿನಿಂದ ಒಂದು ಚೀಲ ಹೊಟ್ಟು ಸೇರಿ 1,480 ರೂಪಾಯಿ. ಪೋರ್ಟಿಕೋದ ಕಲೆ ಇನ್ನೂ ಇದೆ. ಬಂದವರಿಗೆಲ್ಲ ಅತ್ತೆ ಅದನ್ನು ತೋರಿಸಿ ಕಥೆ ಹೇಳುತ್ತಾರೆ, ಪ್ರತಿ ಸಲವೂ ಆಯಿಲ್ ಒಂದು ಲೀಟರ್ ಜಾಸ್ತಿಯಾಗುತ್ತದೆ.

ಇಳಿಸಿದ ಹಳೆಯ ಆಯಿಲನ್ನು ಮೋರಿಗೆ ಸುರಿಯಬೇಡಿ. ಕ್ಯಾನಿನಲ್ಲಿ ತುಂಬಿ ಹತ್ತಿರದ ಗ್ಯಾರೇಜಿನ ಡ್ರಮ್ಮಿಗೆ ಹಾಕಿ ಬನ್ನಿ, ಸಂತೋಷದಿಂದ ಇಟ್ಟುಕೊಳ್ಳುತ್ತಾರೆ.

ಸ್ಪೇರ್ ಪಾರ್ಟ್ಸ್ ಅಂಗಡಿಯದು ಬೇರೆಯೇ ಲೋಕ. ಮೊದಲ ಸಲ ಹೋದಾಗ "ಸರ್ ಬಂದಿಲ್ವಾ ಮೇಡಂ?" ಅಂದರು. ಸರ್‌ಗೆ ಬಾನೆಟ್ ಎತ್ತುವ ಲಿವರ್ ಎಲ್ಲಿದೆ ಅಂತಲೂ ಗೊತ್ತಿಲ್ಲ ಅಂತ ಹೇಳೋಣ ಅನ್ನಿಸಿತು, ಹೇಳಲಿಲ್ಲ. ಅಲ್ಲಿ "ಒರಿಜಿನಲ್" ಅಂದರೆ ಕಾರು ಕಂಪನಿಯ ಡಬ್ಬಿಯಲ್ಲಿ ಬಂದದ್ದು. ಅದನ್ನು ಕಾರು ಕಂಪನಿಗೆ ಮಾಡಿಕೊಡುವವರೇ ಸ್ವಂತ ಹೆಸರಿನಲ್ಲಿ ಮಾರುವುದೂ ಇರುತ್ತದೆ, ಬೆಲೆ ಸ್ವಲ್ಪ ಕಡಿಮೆ. ಇನ್ನೊಂದು "ಲೋಕಲ್". ಫಿಲ್ಟರ್ ಲೋಕಲ್ ತಗೊಂಡು ಒಮ್ಮೆ ಪಶ್ಚಾತ್ತಾಪ ಪಟ್ಟಿದ್ದೇನೆ, ಕೂರಲೇ ಇಲ್ಲ. ಚಾಸಿಸ್ ನಂಬರ್ ಕೊಟ್ಟು ಕೇಳಿದರೆ ಸರಿಯಾದ ವಸ್ತು ಸಿಗುತ್ತದೆ.

ಬೆಂಗಳೂರಿಗೆ ಹೋದಾಗ ಒಮ್ಮೆ ಜೆ.ಸಿ. ರಸ್ತೆಯಲ್ಲೂ ಸುತ್ತಿದ್ದೆ. ಸಾಲು ಸಾಲು ಬಿಡಿಭಾಗದ ಅಂಗಡಿ, ಗೋಡೆಯ ಮೇಲೆ ಬಂಪರ್‌ಗಳ ತೋರಣ. ಎಂಜಿನ್ನಿನೊಳಗೆ ಕಿಡಿ ಹೊತ್ತಿಸುವ ಪ್ಲಗ್ ಕೇಳಿದ್ದಕ್ಕೆ ಒಬ್ಬ ಹಿರಿಯರು "ಮೈಕೋ ಕೊಡ್ಲಾ ಅಮ್ಮ?" ಅಂದರು. 1951ರಲ್ಲಿ ಶುರುವಾದ ಮೈಕೋ 2008ರಲ್ಲೇ ಬಾಷ್ ಅಂತ ಹೆಸರು ಬದಲಿಸಿಕೊಂಡಿದೆ. ಅವರ ಬಾಯಲ್ಲಿ ಮಾತ್ರ ಬದಲಾಗಿಲ್ಲ. ನಮ್ಮಪ್ಪನ ಸ್ಕೂಟರಿನ ಡಿಕ್ಕಿಯಲ್ಲೂ ಕಾಗದದಲ್ಲಿ ಸುತ್ತಿದ ಒಂದು ಮೈಕೋ ಪ್ಲಗ್ ಯಾವಾಗಲೂ ಇರುತ್ತಿತ್ತು. ಸ್ಕೂಟರ್ ಕೆಮ್ಮಿ ನಿಂತರೆ ರಸ್ತೆ ಪಕ್ಕದಲ್ಲಿ ಪ್ಲಗ್ ಬಿಚ್ಚಿ, ಉಪ್ಪುಕಾಗದದಲ್ಲಿ ತಿಕ್ಕಿ, ಊದಿ ಹಾಕಿ ಮುಂದೆ ಹೋಗುತ್ತಿದ್ದರು. ಅದನ್ನು ಯಾರೂ ರಿಪೇರಿ ಅಂತ ಕರೆಯುತ್ತಿರಲಿಲ್ಲ.

ಪ್ಲಗ್ ವಿಷಯ ಬಂದದ್ದಕ್ಕೆ ಕಾರಣವಿತ್ತು. ಕಾರು ನಿಂತಲ್ಲೇ ನಡುಗಲು ಶುರು ಮಾಡಿತ್ತು, ಮೀಟರಿನಲ್ಲಿ ಹಳದಿ ಎಂಜಿನ್ ಚಿತ್ರ ಹತ್ತಿತ್ತು. ಒಂದು ಗ್ಯಾರೇಜಿನಲ್ಲಿ ಮೂರೂ ಕಾಯಿಲ್ (ಎ.ಸಿ.ಯದಲ್ಲ, ಪ್ಲಗ್ಗಿಗೆ ಕಿಡಿಯ ಕರೆಂಟು ಕೊಡುವುದು), ಮೂರೂ ಪ್ಲಗ್, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರಿನ ಕ್ಲೀನಿಂಗ್ ಸೇರಿ 8,900 ಅಂದರು. ಈಗಿನ ಕಾರುಗಳಲ್ಲಿ ಸ್ಟೀರಿಂಗ್ ಕೆಳಗೆ ಒಂದು ಸಾಕೆಟ್ ಇರುತ್ತದೆ. ಅದಕ್ಕೆ ಚುಚ್ಚುವ ಬೆಂಕಿಪೊಟ್ಟಣದಷ್ಟು ಸಣ್ಣ ಸ್ಕ್ಯಾನರ್ 650 ರೂಪಾಯಿಗೆ ಸಿಕ್ಕಿತು, ಮೊಬೈಲಿನಲ್ಲಿ ಓದಬಹುದು. ಪಿ0302 ಅಂತ ತೋರಿಸಿತು. ಅಂದರೆ ಎರಡನೆಯ ಸಿಲಿಂಡರಿನಲ್ಲಿ ಸರಿಯಾಗಿ ಬೆಂಕಿ ಹತ್ತುತ್ತಿಲ್ಲ.

ಆದರೆ ಯಾಕೆ ಹತ್ತುತ್ತಿಲ್ಲ ಅನ್ನುವುದನ್ನು ಸ್ಕ್ಯಾನರ್ ಹೇಳುವುದಿಲ್ಲ. ಪ್ಲಗ್ ಇರಬಹುದು, ಕಾಯಿಲ್ ಇರಬಹುದು, ಇಂಜೆಕ್ಟರ್ ಇರಬಹುದು. ಎರಡನೆಯ ಸಿಲಿಂಡರಿನ ಕಾಯಿಲನ್ನು ಮೂರನೆಯದಕ್ಕೂ, ಮೂರನೆಯದನ್ನು ಎರಡಕ್ಕೂ ಹಾಕಿದೆ. ಹತ್ತರ ಪಾನಾ, ಹತ್ತು ನಿಮಿಷದ ಕೆಲಸ. ಹಳೆಯ ಕೋಡ್ ಅಳಿಸಿ ಒಂದು ರೌಂಡ್ ಓಡಿಸಿ ಬಂದೆ. ಮತ್ತೆ ಹಳದಿ ದೀಪ ಹತ್ತಿತು. ಈ ಸಲ ಪಿ0303! ತೊಂದರೆ ಕಾಯಿಲಿನ ಜೊತೆಗೇ ಎದ್ದು ಹೋಗಿತ್ತು. ಒಂದೇ ಒಂದು ಕಾಯಿಲ್ ತಂದೆ, 1,750. ಉಳಿದದ್ದು 7,150. ಆ ಹಳದಿ ದೀಪ ಮೂರನೆಯ ಮನೆಗೆ ಹೋಗಿ ಕೂತಾಗ ಆದ ಖುಷಿ ಇದೆಯಲ್ಲ, ಕ್ಯಾಶ್ ಟ್ಯಾಲಿಯಾಗದೆ ಒದ್ದಾಡುವಾಗ ತಪ್ಪಾದ ವೋಚರ್ ಕೈಗೆ ಸಿಕ್ಕಿದ ಹಾಗೆ.

ಗ್ಯಾರೇಜಿನವರು ಮೋಸ ಮಾಡಿದರು ಅಂತ ನಾನು ಹೇಳುವುದಿಲ್ಲ. ಅವರ ಕಡೆಯಿಂದ ನೋಡಿ. ಒಂದು ಕಾಯಿಲ್ ಮಾತ್ರ ಹಾಕಿ ಕಳಿಸಿದರೆ, ತಿಂಗಳ ಮೇಲೆ ಇನ್ನೊಂದು ಹೋದಾಗ "ರಿಪೇರಿ ಸರಿಯಾಗಿ ಮಾಡಿಲ್ಲ" ಅಂತ ಇದೇ ಗಿರಾಕಿ ಜಗಳಕ್ಕೆ ಬರುತ್ತಾರೆ. ಮೂರೂ ಬದಲಿಸಿದರೆ ಆ ತಲೆನೋವಿಲ್ಲ. ಹುಡುಕಲು ಹೋಗುವ ಒಂದು ಗಂಟೆಗೆ ಬಿಲ್ಲಿನಲ್ಲಿ ಜಾಗವಿಲ್ಲ. ವಸ್ತುವಿಗಿದೆ, ಲೇಬರಿಗಿದೆ, ಅದರ ಮೇಲೆ ಜಿಎಸ್‌ಟಿಗಿದೆ. ಯೋಚನೆ ಮಾಡಿದ್ದಕ್ಕೆ ಇಷ್ಟು ಅಂತ ಬರೆದ ಬಿಲ್ಲನ್ನು ನಾವು ಯಾರಾದರೂ ಮಾತಾಡದೆ ಕೊಡುತ್ತೇವಾ?

ನಾನು ಮುಟ್ಟದ ಕೆಲಸಗಳಿವೆ. ಬ್ರೇಕ್ ಮುಟ್ಟುವುದಿಲ್ಲ. ಪ್ಯಾಡ್ ಸವೆದಿದೆಯಾ ಅಂತ ಚಕ್ರದ ಸಂದಿಯಿಂದ ಟಾರ್ಚ್ ಬಿಟ್ಟು ನೋಡುತ್ತೇನೆ, ಬಿಚ್ಚಲಿಕ್ಕೆ ಮೇಸ್ತ್ರಿ. ಆಯಿಲಿನಲ್ಲಿ ತಪ್ಪಾದರೆ ಪೋರ್ಟಿಕೋದಲ್ಲಿ ಗೊತ್ತಾಗುತ್ತದೆ, ಬ್ರೇಕಿನಲ್ಲಿ ತಪ್ಪಾದರೆ ಚಾಮುಂಡಿ ಬೆಟ್ಟ ಇಳಿಯುವಾಗ ಗೊತ್ತಾಗುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹಳೆಯದಾದಷ್ಟೂ ಅದರಲ್ಲಿ ನೀರಿನಂಶ ಹೆಚ್ಚು. ಉದ್ದ ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತಲೇ ಬಂದರೆ ಆ ನೀರು ಕುದಿದು ಆವಿಯಾಗಿ, ಪೆಡಲ್ ಮೆತ್ತಗಾಗಿ ಒಳಕ್ಕೆ ಹೋಗಿಬಿಡುತ್ತದೆ. ಅದಕ್ಕೇ ಎರಡು ವರ್ಷಕ್ಕೊಮ್ಮೆ ದುಡ್ಡು ಕೊಟ್ಟು ಬದಲಿಸುತ್ತೇನೆ. ಏರ್‌ಬ್ಯಾಗಿನ ಹಳದಿ ವೈರು, ಸಸ್ಪೆನ್ಷನ್ ಸ್ಪ್ರಿಂಗ್, ಎ.ಸಿ. ಗ್ಯಾಸ್, ಇವಕ್ಕೂ ದೂರದಿಂದಲೇ ನಮಸ್ಕಾರ. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ಅಂತೂ ಯಾರೂ ತೆಗೆಯಬಾರದು, ಕುಕ್ಕರ್ ಮುಚ್ಚಳವನ್ನು ಬಲವಂತವಾಗಿ ತೆಗೆದ ಹಾಗೆ.

ಈ ಏಪ್ರಿಲ್‌ಗೆ ನಾಲ್ಕು ವರ್ಷ ತುಂಬಿತು. ಹಾಳೆ ಕೂಡಿಸಿದೆ. ಪೈಪು 9,800, ಬ್ಯಾಟರಿ ಬಡ್ಡಿ 375, ಕಾಯಿಲ್ 7,150, ಫಿಲ್ಟರ್-ಬಲ್ಬು-ವೈಪರ್ ತರಹದ ಸಣ್ಣ ಕೆಲಸಗಳ ಲೇಬರ್ 5,150, ಆಯಿಲ್ ಬದಲಿಸಿದ್ದು ಮೂರು ಸಲಕ್ಕೆ 1,800. ಒಟ್ಟು ಉಳಿದದ್ದು 24,275. ಹೋದದ್ದು: ಹತ್ಯಾರು 6,300, ಆಯಿಲ್ ಅಭಿಷೇಕ 1,480, ಗ್ಲವ್ ಬಾಕ್ಸ್ 640, ಒಟ್ಟು 8,420. ನಿವ್ವಳ 15,855. ತಿಂಗಳಿಗೆ 330 ರೂಪಾಯಿ. ನಾವು ನಾಲ್ಕು ಜನ ಹೋಟೆಲಿಗೆ ಹೋದರೆ ದೋಸೆಗೆ ಸಾಕು, ಕಾಫಿಗೆ ಕೈಯಿಂದ ಹಾಕಬೇಕು.

ಮನಸ್ಸು ಒಪ್ಪಲಿಲ್ಲ. ಬೇರೆ ಥರ ವಿಂಗಡಿಸಿದೆ. ಫಿಲ್ಟರ್, ಆಯಿಲ್, ಬಲ್ಬು, ನಾನು ಮೈ ಕೈ ಮಸಿ ಮಾಡಿಕೊಂಡ ಕೆಲಸಗಳಿಂದ ಬಂದದ್ದು 6,950. ಹತ್ಯಾರು, ನಷ್ಟ ಎಲ್ಲ ಕಳೆದರೆ 1,470 ರೂಪಾಯಿ ಕೈಬಿಟ್ಟು ಹೋಗಿದೆ! "ಮಲ್ಟಿಮೀಟರ್, ಸ್ಕ್ಯಾನರ್ ಅವೆರಡು ನೋಡೋಕೆ ತಗೊಂಡಿದ್ದಲ್ವಾ, ಅದನ್ನ ಈ ಕಡೆ ಯಾಕೆ ಹಾಕ್ತೀಯ?" ಅಂದರು ನನ್ನ ಗಂಡ, ಬಹಳ ದಿನದ ಮೇಲೆ ಹಾಳೆಗೆ ಬಗ್ಗಿ. ಸರಿ, ಆ 1,100 ಆ ಕಡೆ ಹಾಕಿದೆ. ಆದರೂ 370 ನಷ್ಟವೇ. ಉಳಿದದ್ದೆಲ್ಲ ಬಂದದ್ದು ಪೈಪು, ಬ್ಯಾಟರಿ, ಕಾಯಿಲ್ ಮೂರರಿಂದ. ಮೂರರಲ್ಲೂ ನಾನು ಪಾನಾ ಹಿಡಿದದ್ದು ಕೆಲವೇ ನಿಮಿಷ. ಮಿಕ್ಕಿದ್ದೆಲ್ಲ ನೋಡಿದ್ದು, ಅಳೆದದ್ದು, ಅದಲು ಬದಲು ಮಾಡಿ ಕಾದದ್ದು. ಅದರಲ್ಲೂ ದೊಡ್ಡ ಮೊತ್ತ ಅತ್ತೆಯದು. ನಾನಲ್ಲ ಕಂಡುಹಿಡಿದದ್ದು. ಅವರಿಗೆ ಡ್ರೈವಿಂಗ್ ಕೂಡ ಬರುವುದಿಲ್ಲ.

ಹೋದ ಭಾನುವಾರ ಒಂದು ಹೊಸ ಸದ್ದು. ಹಂಪ್ ಹಾರಿದಾಗಲೆಲ್ಲ ಹಿಂದಿನಿಂದ ಟಣಕ್ ಅನ್ನುತ್ತಿತ್ತು. ಬುಷ್ ಹೋಗಿರಬೇಕು, ಶಾಕ್ ಅಬ್ಸಾರ್ಬರ್ ಇರಬೇಕು ಅಂತ ನಾನು ರಾತ್ರಿಯೆಲ್ಲ ಓದಿ ತಲೆ ತುಂಬಿಕೊಂಡಿದ್ದೆ. ಗ್ಯಾರೇಜಿಗೆ ಹೋಗುವ ಮುಂಚೆ ಅತ್ತೆಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಬಡಾವಣೆಯ ಹಂಪ್‌ಗಳ ಮೇಲೆಲ್ಲ ಒಂದು ಸುತ್ತು ಹೊಡೆದೆ. ಅವರು ಕಣ್ಣು ಮುಚ್ಚಿ ಕೂತಿದ್ದರು. ಮೂರನೆಯ ಹಂಪಿಗೆ "ಕೆಳಗಿಂದ ಅಲ್ಲ, ನನ್ನ ಬೆನ್ನಿನ ಹಿಂದಿಂದ" ಅಂದರು. ಡಿಕ್ಕಿ ತೆಗೆದೆ. ಸ್ಟೆಪ್ನಿ ಪಕ್ಕದಲ್ಲಿ ಜಾಕ್ ತಿರುಗಿಸುವ ಕಂಬಿ ತನ್ನ ಕ್ಲಿಪ್ಪಿನಿಂದ ಕಳಚಿ ಬಿದ್ದಿತ್ತು. ಸಿಕ್ಕಿಸಿದೆ, ಸದ್ದು ನಿಂತಿತು.

ಮನೆಗೆ ಬಂದು ಹಾಳೆ ತೆಗೆದೆ. ಯಾವ ಗ್ಯಾರೇಜಿನಲ್ಲೂ ಎಸ್ಟಿಮೇಟ್ ಕೇಳಿರಲಿಲ್ಲ. ಎಷ್ಟು ಉಳಿಯಿತು ಅಂತ ಬರೆಯುವುದು? ತಾರೀಖು ಹಾಕಿ, ಮುಂದೆ "ಅತ್ತೆ" ಅಂತ ಬರೆದು, ಮೊತ್ತದ ಜಾಗ ಖಾಲಿ ಬಿಟ್ಟಿದ್ದೇನೆ.